ಪುಷ್ಯಮಾಸದಲ್ಲಿ ನೆಡುವುದೇನು?

ಗಿಡ ನೆಡುವ ವಿಷಯದಲ್ಲಿ ನಮ್ಮ ವಿದ್ಯಾಸಂಸ್ಥೆಗಳಿಗೆ ವರ್ಷಕ್ಕೆ ಎರಡು ಬಾರಿ ಉತ್ಸಾಹ ಬರುವುದುಂಟು. ಒಂದು, ಜುಲೈ ತಿಂಗಳ ವನಮಹೋತ್ಸವದ ಕಾಲ. ಇನ್ನೊಂದು, ಜನವರಿಯ ಸಮಾರಂಭಗಳ ಕಾಲ. ಜುಲೈಯಲ್ಲಿ ಸಸಿಗಳನ್ನು ನೆಟ್ಟು, ಒಂದು ತಂಬಿಗೆ ನೀರೆರೆದು, ಭಾಷಣ ಕೇಳಿ ಮನೆಗೆ ಹೋಗುತ್ತೇವೆ. ಜನವರಿಯಲ್ಲಿ ಹೂ ತುಂಬಿದ ಕುಂಡಗಳನ್ನು ಎಲ್ಲಿಂದಲೋ ತರಿಸಿ ವೇದಿಕೆಯ ಮುಂದೆ ಸಾಲಾಗಿ ಇಡುತ್ತೇವೆ. ಶಿವರಾತ್ರಿಯ ಹೊತ್ತಿಗೆ ಕುಂಡಗಳಲ್ಲಿ ಒಣಕಡ್ಡಿಗಳು ಉಳಿದಿರುತ್ತವೆ; ಯುಗಾದಿಯ ಹೊತ್ತಿಗೆ ಜುಲೈಯ ಸಸಿಗಳೂ ಅದೇ ದಾರಿ ಹಿಡಿದಿರುತ್ತವೆ. ಇದು ಯಾವುದೋ ಒಂದು ಸಂಸ್ಥೆಯ ದೋಷವೆಂದು ನಾನು ಹೇಳುತ್ತಿಲ್ಲ. ನಾಡಿನ ಎಷ್ಟೋ ಶಾಲೆ ಕಾಲೇಜುಗಳಲ್ಲಿ ಬೆಳೆದು ಬಂದ ರೂಢಿ ಇದು.

ಈ ರೂಢಿಗೆ ಕಾರಣ ಸೋಮಾರಿತನವೊಂದೇ ಅಲ್ಲ. ಯಾವ ಕಾಲದಲ್ಲಿ ಯಾವುದನ್ನು ನೆಡಬೇಕೆಂಬ ವಿಚಾರವನ್ನೇ ನಾವು ಬಿಟ್ಟುಕೊಟ್ಟಿರುವುದು ಮುಖ್ಯ ಕಾರಣ. ಆದುದರಿಂದ ಚಳಿಗಾಲದ ನಡುವಿನಲ್ಲಿ, ಎಂದರೆ ಧನುರ್ಮಾಸದಿಂದ ಸಂಕ್ರಾಂತಿಯ ಆಚೀಚೆಯವರೆಗೆ, ನಮ್ಮ ದುರ್ಗದ ಸೀಮೆಯಲ್ಲಿ ನೆಡತಕ್ಕದ್ದು ಯಾವುದು, ನೆಡಬಾರದ್ದು ಯಾವುದು ಎಂಬುದನ್ನು ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದೆ ಇಡಬಯಸುತ್ತೇನೆ. ನೋಡಲು ಇದು ಸಣ್ಣ ವಿಷಯ. ಆದರೆ ಸಣ್ಣ ವಿಷಯದಲ್ಲಿ ಕಾಲವನ್ನು ಅರಿಯದವನು ದೊಡ್ಡ ವಿಷಯದಲ್ಲಿ ಅರಿತಾನೆಂಬ ಭರವಸೆ ಏನು?

ಮೊದಲು ಪುಸ್ತಕಗಳ ಮಾತು. ತೋಟಗಾರಿಕೆಯ ಇಂಗ್ಲಿಷ್ ಪುಸ್ತಕಗಳಲ್ಲಿ ‘ಹಿತವಾದ ಹವೆಯುಳ್ಳ ಪ್ರದೇಶಗಳು’ ಎಂಬ ಒಂದು ವಿಭಾಗವಿರುತ್ತದೆ. ಇಂಗ್ಲೆಂಡಿನಂತಹ ಶೀತ ದೇಶದಲ್ಲಿ ಜನವರಿಯೆಂದರೆ ನೆಲಕ್ಕೆ ಹಿಮ ಹಿಡಿಯುವ ಕಾಲ. ತೋಟಗಾರನು ಬೆಂಕಿಯ ಮುಂದೆ ಕುಳಿತು ಬೀಜದ ಪಟ್ಟಿ ಓದಬಹುದೇ ವಿನಾ ಸಲಿಕೆ ಹಿಡಿಯುವಂತಿಲ್ಲ. ಕ್ಯಾಲಿಫೋರ್ನಿಯದ ಕರಾವಳಿ, ಮೆಡಿಟರೇನಿಯನ್ ಸಮುದ್ರದ ತೀರ ಮೊದಲಾದ ಕಡೆ ಹಾಗಲ್ಲ. ಅಲ್ಲಿ ಚಳಿಗಾಲವೂ ನೆಡುವ ಕಾಲವೇ. ಹಣ್ಣಿನ ಮರಗಳನ್ನೂ ಗುಲಾಬಿಯನ್ನೂ ಜನವರಿಯಲ್ಲಿ ನೆಡಿರೆಂದು ಆ ಪುಸ್ತಕಗಳು ಹೇಳುತ್ತವೆ. ನಮ್ಮದೂ ಹಿತವಾದ ಹವೆಯಲ್ಲವೇ, ನಾವೂ ಹಾಗೆಯೇ ಮಾಡೋಣವೆಂದು ಓದಿದವನಿಗೆ ಅನ್ನಿಸುವುದು ಸಹಜ. ಆದರೆ ಒಂದು ಭೇದವನ್ನು ಮರೆಯಬಾರದು. ಆ ದೇಶಗಳಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ, ಬೇಸಿಗೆ ಒಣ. ಜನವರಿಯಲ್ಲಿ ನೆಟ್ಟ ಮರಕ್ಕೆ ಅಲ್ಲಿ ಆಕಾಶವೇ ನೀರು ಹೊರುತ್ತದೆ. ನಮ್ಮಲ್ಲಿ ಮಳೆಗಾಲ ಜೂನಿನಿಂದ ಅಕ್ಟೋಬರಿನವರೆಗೆ. ಹಸ್ತ, ಚಿತ್ತೆ, ಸ್ವಾತಿಗಳು ಮುಗಿದವೆಂದರೆ ಆಕಾಶದ ಬಾಗಿಲು ಮುಚ್ಚಿತು. ಇಂದು ನೆಟ್ಟ ಮರಕ್ಕೆ ಮುಂದೆ ಐದು ತಿಂಗಳು ನಾವೇ ನೀರು ಹೊರಬೇಕು, ಅದರಲ್ಲಿ ಮೂರು ತಿಂಗಳು ಕಡುಬೇಸಿಗೆ. ಹವೆ ಹಿತವಾಗಿದ್ದ ಮಾತ್ರಕ್ಕೆ ಕಾಲ ಹಿತವಾಗಲಿಲ್ಲ.

ನಮ್ಮ ಹವೆಯ ಲೆಕ್ಕವನ್ನು ಇನ್ನೂ ಸ್ವಲ್ಪ ನೋಡೋಣ. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳಲ್ಲಿ ವರ್ಷದ ಮಳೆ ಸಾಮಾನ್ಯವಾಗಿ 500ರಿಂದ 700 ಮಿಲಿಮೀಟರಿನೊಳಗೆ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಹದಿನೈದು ಹದಿನೇಳು ಡಿಗ್ರಿಗೆ ಇಳಿದರೂ ಹಗಲಿನಲ್ಲಿ ಮೂವತ್ತರ ಹತ್ತಿರ ನಿಲ್ಲುತ್ತದೆ. ಸೊಪ್ಪಿಗೂ ಗೆಡ್ಡೆಗೂ ಇದಕ್ಕಿಂತ ಒಳ್ಳೆಯ ಹವೆ ಬೇಕಿಲ್ಲ. ಆದರೆ ಇದು ಬಹುಕಾಲ ನಿಲ್ಲುವ ಸುಖವಲ್ಲ. ಮಾರ್ಚಿಯ ನಡುವಿಗೆ ಕಲ್ಲುಬೆಟ್ಟಗಳು ಕಾಯತೊಡಗುತ್ತವೆ. ಏಪ್ರಿಲಿನಲ್ಲಿ ನಡುಹಗಲು ಕೋಟೆಯ ಮೇಲೆ ಬರಿಗಾಲಿಡುವವನಿಲ್ಲ. ಆದುದರಿಂದ ಸಂಕ್ರಾಂತಿಯ ಹೊತ್ತಿಗೆ ನಮ್ಮ ಕೈಯಲ್ಲಿರುವುದು ಎಪ್ಪತ್ತು ಎಂಬತ್ತು ದಿನಗಳ ಸೌಮ್ಯ ಕಾಲ ಮಾತ್ರ. ನೆಡುವುದೆಲ್ಲವನ್ನೂ ಈ ದಿನಗಳ ಲೆಕ್ಕಕ್ಕೆ ಹೊಂದಿಸಬೇಕು.

ಇಲ್ಲಿ ಒಬ್ಬ ರೈತನ ಮಗ ಎದ್ದು ಆಕ್ಷೇಪಿಸಬಹುದು: “ಪುಷ್ಯದಲ್ಲಿ ಬಿತ್ತನೆಯೆಂದರೆ ನಮ್ಮಪ್ಪ ನಗುತ್ತಾನೆ. ಎರೆಹೊಲದಲ್ಲಿ ಕಡಲೆ, ಬಿಳಿಜೋಳ, ಕುಸುಬೆಗಳನ್ನು ಹಿಂಗಾರಿನ ಹದದಲ್ಲಿ ಬಿತ್ತಿ ಆಯಿತು. ಈಗ ಕೊಯ್ಲಿನ ಮಾತು.” ಅವನ ಮಾತು ಹೊಲಕ್ಕೆ ಸತ್ಯ. ಹೊಲವು ನೆಲದೊಳಗಿನ ತೇವವನ್ನು ನಂಬಿ ಬದುಕುತ್ತದೆ. ಆ ತೇವವಿದ್ದಾಗ ಬಿತ್ತದಿದ್ದರೆ ಬೆಳೆಯಿಲ್ಲ. ಕೈತೋಟವು ನಾವು ಹೊತ್ತು ಹಾಕುವ ನೀರನ್ನು ನಂಬಿ ಬದುಕುತ್ತದೆ. ನಾನು ಹೇಳುತ್ತಿರುವುದು ಹತ್ತು ಮಾರು ಉದ್ದದ ಕೈತೋಟದ ಮಾತು, ಹೊಲದ್ದಲ್ಲ.

ಇನ್ನು ಮುಖ್ಯ ವಿಷಯ. ಜನವರಿಯಲ್ಲಿ ಗಿಡ ನೆಡಹೊರಟವರು ಸಾಮಾನ್ಯವಾಗಿ ಮಾಡುವುದೇನೆಂದರೆ, ಕಣ್ಣಿಗೆ ಹೂಬಿಟ್ಟು ಕಾಣುವುದನ್ನು ತಂದು ನೆಡುವುದು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಸಮಯಕ್ಕೆ ಗಾಜಿನ ಮನೆಯ ತುಂಬ ಹೂ ನೋಡಿದವರು, ಇವೇ ಈ ತಿಂಗಳ ಗಿಡಗಳೆಂದು ಭಾವಿಸುತ್ತಾರೆ. ಅವು ಈ ತಿಂಗಳ ಹೂಗಳು ನಿಜ. ಈ ತಿಂಗಳು ನೆಡುವ ಗಿಡಗಳಲ್ಲ. ಪೆಟೂನಿಯ, ಫ್ಲಾಕ್ಸ್, ಡಯಾಂಥಸ್ ಮೊದಲಾದವುಗಳ ಬೀಜವನ್ನು ಸೆಪ್ಟೆಂಬರ್ ಅಕ್ಟೋಬರಿನಲ್ಲೇ ಸಸಿಮಡಿಗೆ ಹಾಕಿದ್ದರಿಂದ ಅವು ಜನವರಿಯಲ್ಲಿ ಅರಳಿದವು. ಇಂದು ಬಿತ್ತಿದರೆ ಅವು ಮೊಗ್ಗಿಗೆ ಬರುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. 1908ರಿಂದ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್ ಅವರ ಹೆಸರು ಇಂದಿಗೂ ಉಳಿದಿರುವುದು ಕಾಲವನ್ನು ಅರಿತ ಜಾಣ್ಮೆಗಾಗಿ. ಒಂದು ಜಾತಿಯ ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಬೆಂಗಳೂರಿನ ರಸ್ತೆಗಳಿಗೆ ಅವರು ಮರಗಳನ್ನು ಆರಿಸಿದರು. ಇಂದಿನ ಹೂವಿನಲ್ಲಿ ಮೈಮರೆಯದೆ ಮುಂದಿನದನ್ನು ಎಣಿಸುವುದೇ ತೋಟಗಾರನ ಕೆಲಸ.

ನಮ್ಮ ಸೇವಂತಿಗೆಯನ್ನೇ ನೋಡಿ. ದುರ್ಗ, ಹಿರಿಯೂರುಗಳ ಸುತ್ತ ಇದನ್ನು ಬೆಳೆಯುವವರು ಬಹಳ ಮಂದಿ. ಚಳಿಗಾಲದಲ್ಲಿ ಮಾರುಕಟ್ಟೆಗೆ ಹಳದಿ ಬಿಳಿ ರಾಶಿಗಳು ಬಂದು ಬೀಳುತ್ತವೆ. ಅದನ್ನು ಕಂಡು ಈಗ ಸೇವಂತಿಗೆ ಕಂದು ತಂದು ನೆಟ್ಟರೆ ಏನಾಗುವುದು? ಗಿಡ ಬೆಳೆಯುವ ಮುನ್ನವೇ ಗೇಣುದ್ದದಲ್ಲಿ ಮೊಗ್ಗು ಕಟ್ಟಿ ಕುಗ್ಗುತ್ತದೆ. ಕಾರಣ, ಸೇವಂತಿಗೆ ಹಗಲಿನ ಉದ್ದವನ್ನು ಅಳೆಯಬಲ್ಲ ಗಿಡ. ನಮ್ಮ ಅಕ್ಷಾಂಶದಲ್ಲಿ ಜೂನಿನ ಹಗಲು ಹದಿಮೂರು ಗಂಟೆಯ ಹತ್ತಿರ. ಡಿಸೆಂಬರಿನ ಹಗಲು ಹನ್ನೊಂದು ಕಾಲು ಗಂಟೆಯ ಸುಮಾರು. ಹಗಲು ದೀರ್ಘವಾಗಿದ್ದಾಗ ಅದು ಎಲೆ ರೆಂಬೆ ಬೆಳೆಸುತ್ತದೆ. ಹಗಲು ಕುಗ್ಗಿ ಇರುಳು ಹೆಚ್ಚಿದಾಗ ಹೂವಿಗೆ ತಿರುಗುತ್ತದೆ. ಸಸ್ಯಗಳ ಈ ಗುಣವನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳಿಬ್ಬರು 1920ರಲ್ಲಿ ಪ್ರಕಟಿಸಿದರು. ಸೇವಂತಿಗೆಯ ಹೊಲದಲ್ಲಿ ರಾತ್ರಿ ವಿದ್ಯುದ್ದೀಪ ಹಚ್ಚಿ, ಇರುಳನ್ನು ಹಗಲೆಂದು ಗಿಡಕ್ಕೆ ತೋರಿಸಿ, ಹೂವನ್ನು ತಮಗೆ ಬೇಕಾದ ಕಾಲಕ್ಕೆ ತಡೆದಿಡುವ ಬೆಳೆಗಾರರು ಇಂದು ಇದ್ದಾರೆ. ನಮಗೆ ದೀಪದ ಗೊಡವೆ ಬೇಡ. ಈಗ ಹೂ ಮುಗಿದ ಗಿಡಗಳನ್ನು ಬುಡಕ್ಕೆ ಕತ್ತರಿಸಿ, ಬುಡದಲ್ಲಿ ಏಳುವ ಮರಿಗಳನ್ನು ನೆರಳಿನಲ್ಲಿ ಕಾಪಾಡಿ, ಮುಂಗಾರಿನ ಮೊದಲಿಗೆ ನೆಟ್ಟರೆ ಮುಂದಿನ ಜನವರಿಯ ಸಮಾರಂಭಕ್ಕೆ ಬಾಡಿಗೆ ಕುಂಡಗಳ ಹಂಗಿಲ್ಲ. ಒಂದು ವರ್ಷ ಮುಂಚೆ ಯೋಚಿಸುವ ತಾಳ್ಮೆ ಇದ್ದರೆ ಸಾಕು.

ಅವರೆಯೂ ಇದೇ ಜಾತಿಯದು. ಸಂಕ್ರಾಂತಿಯ ಹೊತ್ತಿನ ಸೊಗಡವರೆಯ ವಾಸನೆಗೆ ಮನಸೋಲದವರಿಲ್ಲ. ಆದರೆ ಹಳೆಯ ನಾಟಿ ಅವರೆಯನ್ನು ಮುಂಗಾರಿನಲ್ಲಿ ಬಿತ್ತಿದರೆ ಮಾತ್ರ ಹಗಲು ಕುಗ್ಗಿದಾಗ ಹೂವಾಗಿ ಧನುರ್ಮಾಸಕ್ಕೆ ಕಾಯಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದಕ್ಕೆ ಕಟ್ಟುಬೀಳದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಕೊಟ್ಟಿದ್ದಾರೆ. ಇವನ್ನು ಯಾವ ಕಾಲದಲ್ಲಿಯಾದರೂ ಬಿತ್ತಬಹುದು. ಎರಡು ಎರಡೂವರೆ ತಿಂಗಳಿಗೆ ಹಸಿಕಾಯಿ ಸಿಕ್ಕುತ್ತದೆ. ಅವರೆ ನೆಡುವ ಆಸೆಯುಳ್ಳವರು ಈಗ ಈ ಬೀಜವನ್ನೇ ಹಾಕಬೇಕು. ಹಿರಿಯೂರಿನ ಬಳಿ ಬಬ್ಬೂರು ಫಾರಂನಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಶೋಧನಾ ಕೇಂದ್ರವಿದೆ. ಇಂತಹ ವಿಷಯವನ್ನು ಕೇಳಿ ತಿಳಿಯಲು ನಾವು ದೂರ ಹೋಗಬೇಕಿಲ್ಲ.

ಹಾಗಾದರೆ ನೆಡುವುದೇನು? ನನ್ನ ಅಭಿಪ್ರಾಯದಲ್ಲಿ ಮೂರು ಪಂಗಡ.

ಮೊದಲನೆಯದು, ತಂಪನ್ನು ಬೇಡುವ, ಬೇಗ ಮುಗಿಯುವ ಬೆಳೆಗಳು. ಮೆಂತ್ಯದ ಬೀಜ ನಾಲ್ಕೈದು ದಿನಕ್ಕೆ ಮೊಳೆತು ತಿಂಗಳೊಳಗೆ ಸೊಪ್ಪಾಗುತ್ತದೆ. ಕೊತ್ತಂಬರಿಯನ್ನು ಕಾಳಾಗಿಯೇ ಬಿತ್ತದೆ, ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಒಂದು ಕಾಳಿನೊಳಗೆ ಎರಡು ಬೀಜಗಳಿವೆ. ಅದು ಮೊಳೆಯಲು ಹತ್ತು ಹನ್ನೆರಡು ದಿನ ಬೇಕಾದರೂ ನಲವತ್ತು ನಲವತ್ತೈದು ದಿನಕ್ಕೆ ಕೈಗೆ ಬರುತ್ತದೆ. ಬಿಸಿಲಿನಲ್ಲಿ ಇದೇ ಕೊತ್ತಂಬರಿ ಎಲೆ ಬಿಡದೆ ಹೂವಿಗೆ ಓಡುತ್ತದೆ. ಮೂಲಂಗಿಗೂ ಅಷ್ಟೇ ದಿನ; ತಂಪಿನಲ್ಲಿ ಸಿಹಿ, ಬಿಸಿಲಿಗೆ ಸಿಕ್ಕಿದರೆ ಖಾರವಾಗಿ ಬೆಂಡಾಗುತ್ತದೆ. ತಿಂಗಳ ಹುರುಳಿಯನ್ನು ಈಗ ಹಾಕಿದರೆ ಹೂ ಉದುರುವ ಸೆಕೆ ಬರುವ ಮುನ್ನ ಕಾಯಿ ಕೀಳಬಹುದು. ಮೊಳಕೆ ಬಂದು ಅಡಿಗೆಗೆ ಬೇಡವಾದ ಈರುಳ್ಳಿ ಗೆಡ್ಡೆಗಳನ್ನು ಹೂತರೆ ಮೂರು ವಾರಕ್ಕೆ ಈರುಳ್ಳಿ ಸೊಪ್ಪು. ಎಲೆಕೋಸು, ಹೂಕೋಸು, ಬಟಾಣಿಗಳಿಗೆ ಮಾತ್ರ ಕಾಲ ಮೀರಿತು; ಅವನ್ನು ಅಕ್ಟೋಬರ್ ನವೆಂಬರಿಗೆ ಬಿಡಬೇಕು.

ಎರಡನೆಯದು, ಬಿಸಿಲನ್ನು ಎದುರುನೋಡುವ ಬೆಳೆಗಳು. ಬದನೆ, ಮೆಣಸಿನಕಾಯಿಗಳನ್ನು ಈಗ ಸಸಿಮಡಿಗೆ ಹಾಕಿದರೆ ಫೆಬ್ರವರಿಯಲ್ಲಿ ಕಿತ್ತು ನೆಡಬಹುದು. ಬೆಂಡೆ, ಹೀರೆ, ಸೌತೆ, ಕಲ್ಲಂಗಡಿಗಳ ಬೀಜಕ್ಕೆ ನೆಲದ ಚಳಿ ಆಗದು. ಸಂಕ್ರಾಂತಿ ಕಳೆದು ನೆಲ ಬೆಚ್ಚಗಾದ ಮೇಲೆ ಹಾಕಬೇಕು. ದಂಟು, ಹರಿವೆಗಳು ಬಿಸಿಲಿಗೂ ಬೆದರುವುದಿಲ್ಲ. ಟೊಮೇಟೊವನ್ನು ಬೇಸಿಗೆಗೆ ನೆಡುವವರು ಬಿಳಿನೊಣದಿಂದ ಹರಡುವ ಎಲೆಮುರುಟು ರೋಗವನ್ನು ನೆನಪಿನಲ್ಲಿಡಬೇಕು. ಆದರೆ ಈ ಪಂಗಡವನ್ನು ಬೇಸಿಗೆಯ ರಜೆಯಲ್ಲಿಯೂ ನೀರೆರೆಯುವವರು ಇರುವ ಮನೆಗಳಿಗೆ ಬಿಡುವುದು ಮೇಲು. ರಜೆಗೆ ಬಾಗಿಲು ಹಾಕುವ ವಿದ್ಯಾರ್ಥಿನಿಲಯಕ್ಕೆ ಅದು ಒಗ್ಗದು.

ಮೂರನೆಯದು, ಹೂ. ಹೂವಿಲ್ಲದ ತೋಟವನ್ನು ನಾನೂ ಬಯಸುವವನಲ್ಲ. ಚೆಂಡುಹೂವಿನ ಬೀಜವನ್ನು ಈಗ ಹಾಕಿದರೆ ತಿಂಗಳಿಗೆ ಸಸಿ. ಅಲ್ಲಿಂದ ಸುಮಾರು ಒಂದು ತಿಂಗಳಿಗೆ ಹೂ. ಯುಗಾದಿಯ ತೋರಣಕ್ಕೆ ಅದೇ ಸಾಕು. ತರಕಾರಿಯ ಮಡಿಗಳ ಅಂಚಿಗೆ ಇದನ್ನು ಹಾಕುವ ವಾಡಿಕೆ ಒಳ್ಳೆಯದು.

ಇಷ್ಟೆಲ್ಲಕ್ಕೂ ನೀರು ಎಲ್ಲಿ ಎಂಬುದು ಅಧ್ಯಾಪಕರು ಕೇಳುವ ಮೊದಲನೆಯ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣೀವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಎಂಬತ್ತೊಂಬತ್ತು ವರ್ಷ! ಇಂತಹ ಸೀಮೆಯಲ್ಲಿ ಕೊಳಾಯಿ ತಿರುಗಿಸಿ ಹುಲ್ಲುಹಾಸಿಗೆ ನೀರು ಹಾಯಿಸುವುದು ಅಪರಾಧಕ್ಕೆ ಸಮಾನ. ಆದರೆ ನೀರು ಕಡಮೆಯಾದ ನಾಡಿನಲ್ಲಿ ನೀರಿನ ಜಾಣ್ಮೆಯೂ ಬೆಳೆದಿದೆ. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ ಹೇಳುವುದು ಕೆರೆಯ ವಿಷಯವನ್ನೇ. ಕೋಟೆಯಲ್ಲಿ ಬಿದ್ದ ಮಳೆಯ ನೀರು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳನ್ನು ತುಂಬಿ, ಹೆಚ್ಚಾದುದು ಕೆಳಗೆ ಸಿಹಿನೀರು ಹೊಂಡಕ್ಕೂ ಸಂತೆಹೊಂಡಕ್ಕೂ ಇಳಿಯುವಂತೆ ಹಿಂದಿನವರು ಏರ್ಪಾಡು ಮಾಡಿದ್ದರು. ಒಂದೇ ನೀರು ಹಲವು ಮೆಟ್ಟಿಲುಗಳಲ್ಲಿ ಕೆಲಸಕ್ಕೆ ಬರಬೇಕೆಂಬುದು ಅವರ ತತ್ತ್ವ. ಕೋಟೆ ನೋಡಲು ಬಂದವರಿಗೆ ಇದನ್ನು ಹೆಮ್ಮೆಯಿಂದ ವಿವರಿಸುವ ನಾವು, ನಮ್ಮ ಅಡಿಗೆಮನೆಯ ನೀರನ್ನು ಚರಂಡಿಗೆ ಬಿಡುತ್ತೇವೆ.

ಲೆಕ್ಕ ಹಾಕೋಣ. ಒಂದು ವಿದ್ಯಾರ್ಥಿನಿಲಯದಲ್ಲಿ ಅರವತ್ತು ಮಂದಿ ಇದ್ದಾರೆನ್ನಿ. ದಿನಕ್ಕೆರಡು ಊಟ, ತಟ್ಟೆ ಲೋಟ ತೊಳೆಯಲು ಪ್ರತಿ ಊಟಕ್ಕೆ ಎರಡು ಲೀಟರ್ ಎಂದು ಹಿಡಿದರೆ ದಿನಕ್ಕೆ 240 ಲೀಟರ್ ನೀರಾಯಿತು. ನಮ್ಮ ಚಳಿಗಾಲದಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ಐದು ಲೀಟರ್ ನೀರು ಸಾಕು. ಎಂದರೆ 48 ಚದರ ಮೀಟರ್ ತೋಟಕ್ಕೆ ಹೊಸದಾಗಿ ಒಂದು ಕೊಡ ನೀರೂ ಬೇಡ. ಮಾರ್ಚಿ ಮುಗಿಯುವ ಹೊತ್ತಿಗೆ ಅದೇ ಮಡಿ ಆರೇಳು ಲೀಟರ್ ಕೇಳುತ್ತದೆ. ಆಗ ಅಷ್ಟೇ ನೀರು ನಲವತ್ತು ಚದರ ಮೀಟರಿಗೆ ಸಾಲುವುದೂ ಕಷ್ಟ. ಬೇಸಿಗೆಗೆ ಮುನ್ನ ತೋಟ ಮುಗಿಸಬೇಕೆಂದು ಹೇಳಿದ್ದಕ್ಕೆ ಇದೂ ಒಂದು ಕಾರಣ. ಎಲ್ಲ ನೀರೂ ಒಂದೇ ಅಲ್ಲವೆಂಬುದನ್ನೂ ಗಮನಿಸಬೇಕು. ಅಕ್ಕಿ ಬೇಳೆ ತರಕಾರಿ ತೊಳೆದ ನೀರು ಸೊಪ್ಪಿನ ಮಡಿಗೆ ಹೋಗಲಿ. ಸಾಬೂನು ಬೆರೆತ ಮುಸುರೆ ನೀರನ್ನು ಸೊಪ್ಪಿಗೆ ಹಾಕದೆ ಬಾಳೆ, ಪರಂಗಿ, ನುಗ್ಗೆಗಳ ಬುಡಕ್ಕೆ ಬಿಡಬೇಕು. ಮಡಿಯ ಮೇಲೆ ಒಣಹುಲ್ಲನ್ನೋ ಶೇಂಗಾ ಸಿಪ್ಪೆಯನ್ನೋ ಹೊದಿಸಿದರೆ ಬಿಸಿಲು ಕುಡಿಯುವ ನೀರು ಗಿಡಕ್ಕೆ ಉಳಿಯುತ್ತದೆ.

ಮರಗಳ ವಿಷಯ ಬೇರೆ. ಪುಷ್ಯದಲ್ಲಿ ಮರ ನೆಡಬಾರದು. ಮರಕ್ಕೆ ಗುಣಿ ತೋಡಬೇಕು. ಈಗ ತೋಡಿದ ಗುಣಿ ಬೇಸಿಗೆಯ ಬಿಸಿಲುಂಡು, ಮುಂಗಾರಿನಲ್ಲಿ ಮಣ್ಣು ಗೊಬ್ಬರ ತುಂಬಿಸಿಕೊಂಡು ಸಿದ್ಧವಾಗಿರುತ್ತದೆ. ಅಡಿಗೆಮನೆಯಲ್ಲಿ ಈ ತಿಂಗಳುಗಳಲ್ಲಿ ಹೊಸ ಹುಣಿಸೆಹಣ್ಣು ಬಿಡಿಸುವಾಗ ಬೀಳುವ ಬೀಜಗಳನ್ನು ನೆನೆಹಾಕಿ ಚೀಲಗಳಲ್ಲಿ ಬಿತ್ತಿದರೆ ಸಸಿಗೆ ಯಾರನ್ನೂ ಬೇಡಬೇಕಿಲ್ಲ. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿ ಜುಲೈಯ ಮೊದಲ ವಾರವನ್ನು ಗೊತ್ತುಮಾಡಿದ್ದು ಮಳೆಯ ಆಸರೆಯನ್ನು ನೆನೆದೇ. ಆದರೆ ಮಳೆ ಗಿಡವನ್ನು ಎಬ್ಬಿಸಬಲ್ಲುದು. ಮುಂದಿನ ಬೇಸಿಗೆ ದಾಟಿಸಲಾರದು. ಕಳೆದ ಜುಲೈಯಲ್ಲಿ ನೆಟ್ಟ ಸಸಿಗಳ ಬುಡದಲ್ಲಿ ಒಂದೊಂದು ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂತು, ವಾರಕ್ಕೆರಡು ಬಾರಿ ತುಂಬಿ ಬಾಯಿ ಮುಚ್ಚಿಟ್ಟರೆ, ನೀರು ಜಿನುಗಿ ಬೇರಿಗೆ ಮುಟ್ಟುತ್ತದೆ. ಈ ಗಡಿಗೆಗಳನ್ನು ಹೂಳಬೇಕಾದ ತಿಂಗಳೂ ಇದೇ. ರಜೆಯಲ್ಲಿ ತುಂಬುವವರಾರು? ಊರಿನಲ್ಲೇ ಇರುವ ವಿದ್ಯಾರ್ಥಿಗಳೂ, ಮದಕರಿಪುರದಂತಹ ಹತ್ತಿರದ ಹಳ್ಳಿಗಳಿಂದ ಬರುವವರೂ ಸರದಿ ಹಾಕಿಕೊಳ್ಳಬೇಕು. ಅಷ್ಟು ಜನ ಮುಂದೆ ಬರದಿದ್ದರೆ ನೂರು ಸಸಿ ನೆಡುವ ಆಡಂಬರವನ್ನು ಬಿಟ್ಟು ಹತ್ತು ನೆಡೋಣ, ಹತ್ತನ್ನೂ ಉಳಿಸೋಣ.

ಕಾಲೇಜಿಗೆ ಬರುವುದು ಓದಲಿಕ್ಕೇ ವಿನಾ ಸೊಪ್ಪು ಬೆಳೆಯಲಿಕ್ಕಲ್ಲವೆಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಇದಕ್ಕೆ ಕೊಡಬೇಕೆಂದು ನಾನೂ ಹೇಳಲಾರೆ. ಆದರೆ ಇನ್ನರ್ಧ ಸತ್ಯವನ್ನೂ ನೋಡಬೇಕು. ನಮ್ಮಲ್ಲಿ ಬಹುಮಂದಿ ಒಕ್ಕಲು ಮನೆಗಳಿಂದ ಬಂದವರು. ಕೊಳವೆಬಾವಿ ಬತ್ತಿದ ವರ್ಷವನ್ನೂ, ಈರುಳ್ಳಿಯ ಧಾರಣೆ ಬಿದ್ದ ವರ್ಷವನ್ನೂ ಕಂಡವರು. ‘ಓದಿ ಈ ಮಣ್ಣಿನಿಂದ ಪಾರಾಗು’ ಎಂದು ಹಿರಿಯರು ಹೇಳಿ ಕಳುಹಿಸಿದ್ದಾರೆ. ಅದು ಅವರ ಕಷ್ಟದ ಮಾತು, ಅದನ್ನು ತಪ್ಪೆನ್ನಲಾಗದು. ಆದರೆ ಮಣ್ಣಿನ ಕಷ್ಟದಿಂದ ಪಾರಾಗುವುದು ಬೇರೆ, ಮಣ್ಣಿನ ತಿಳಿವಿನಿಂದ ಪಾರಾಗುವುದು ಬೇರೆ. ಅಪ್ಪನಿಗೆ ತಿಳಿದಿದ್ದ ಮಳೆಯ ನಕ್ಷತ್ರಗಳು ಮಗನಿಗೆ ತಿಳಿಯವು. ಮಗ ಓದಿದ ಹಗಲಿರುಳಿನ ಶಾಸ್ತ್ರ ಅಪ್ಪನಿಗೆ ಮುಟ್ಟದು. ಈ ಎರಡು ತಿಳಿವುಗಳು ಕೂಡುವ ಜಾಗ ಎಲ್ಲಿಯಾದರೂ ಇದ್ದೀತಾದರೆ ಅದು ಕಾಲೇಜಿನ ಹಿತ್ತಲಿನಲ್ಲಿಯೇ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಹಿತ್ತಲಲ್ಲಿ ಗಿಡವಿದ್ದವರು ಕಟ್ಟಿದರು; ನಮಗೆ ಆ ಗಾದೆ ಹೇಳುವ ಅರ್ಹತೆಯೂ ಇಲ್ಲ.

ಇನ್ನೊಂದು ಹಾನಿ ಕಣ್ಣಿಗೆ ಕಾಣದ್ದು. ನೆಟ್ಟ ಗಿಡ ಪ್ರತಿವರ್ಷವೂ ಸಾಯುವುದನ್ನು ನೋಡಿದ ಹುಡುಗ, ನೆಡುವುದೆಂದರೆ ಒಂದು ಶಾಸ್ತ್ರ, ಫೋಟೋ ತೆಗೆಸಿಕೊಂಡರೆ ಮುಗಿಯಿತು ಎಂದು ಕಲಿಯುತ್ತಾನೆ. ನಾಳೆ ಅವನೇ ಉಪಾಧ್ಯಾಯನಾಗಿಯೋ ಅಧಿಕಾರಿಯಾಗಿಯೋ ಆ ಶಾಸ್ತ್ರವನ್ನೇ ಮುಂದುವರಿಸುತ್ತಾನೆ. ಒಂದು ಮಡಿ ಮೆಂತ್ಯವನ್ನು ಬಿತ್ತಿ ಮೂವತ್ತನೆಯ ದಿನ ಅದನ್ನು ತನ್ನ ತಟ್ಟೆಯಲ್ಲಿ ಕಂಡವನು ಹಾಗೆ ಕಲಿಯಲಾರ.

ಆದುದರಿಂದ ನನ್ನ ಸೂಚನೆ ಇಷ್ಟೆ. ವಿದ್ಯಾರ್ಥಿನಿಲಯದ ಅಡಿಗೆಮನೆಯ ಹಿಂದೆ ನಾಲ್ಕು ಚದರ ಮೀಟರಿನ ಹನ್ನೆರಡು ಮಡಿಗಳನ್ನು ಮಾಡೋಣ. ಐದೈದು ಮಂದಿಗೆ ಒಂದು ಮಡಿ. ಸಂಕ್ರಾಂತಿಯ ಮರುವಾರ ಬಿತ್ತನೆ. ಮಾರ್ಚಿಯ ಕೊನೆಗೆ ಕೊನೆಯ ಕೊಯ್ಲು. ಬಿತ್ತಿದ್ದು, ಎರೆದದ್ದು, ಕೊಯ್ದದ್ದು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ತರಗತಿಯವರಿಗೆ ಒಪ್ಪಿಸೋಣ. ವೇದಿಕೆಯ ಮುಂದೆ ಕುಂಡಗಳಿಡುವುದನ್ನು ಈ ವರ್ಷ ಬಿಟ್ಟು, ಆ ಹಣದಲ್ಲಿ ಬೀಜವನ್ನೂ ಮೂವತ್ತು ಗಡಿಗೆಗಳನ್ನೂ ಕೊಳ್ಳಬಹುದು. ವೇದಿಕೆಯ ಮುಂದೆ ಹೂವಿಲ್ಲದೆ ಹೋದರೆ ಅತಿಥಿಗಳು ಏನೆಂದುಕೊಳ್ಳುವರೋ ಎಂಬ ಸಂಕೋಚ ಬೇಡ. ಅವರನ್ನು ಕೈಹಿಡಿದು ಹಿತ್ತಲಿಗೆ ಕರೆದೊಯ್ದು, ಆಗ ತಾನೆ ಮೊಳೆತ ಮಡಿಗಳನ್ನು ತೋರಿಸೋಣ.